ಹನ್ನೊಂದು ನಿಮಿಷದ ದಾರಿ

"ನೋಡು ಆಪಾ, ಸಿದ್ದಾಪುರದಿಂದ ಯಲ್ಲಾಪುರಕ್ಕೆ ವಿಮಾನದಲ್ಲಿ ಹನ್ನೊಂದೇ ನಿಮಿಷ! ನಾ ಹೇಳೂದಲ್ಲ, ಮೊಬೈಲೇ ಹೇಳ್ತದೆ," ಎಂದು ಜಹಾಂಗೀರ್ ಅಕ್ಕನ ಮೂಗಿನ ತುದಿಗೇ ಫೋನು ಹಿಡಿದ.

ಯಲ್ಲಾಪುರದ ಮನೆಯ ಜಗಲಿಯಲ್ಲಿ ಬೀನ್ಸ್ ಸೋಸುತ್ತ ಕೂತಿದ್ದ ಖುರ್ಷಿದಾ ತಲೆ ಎತ್ತಲಿಲ್ಲ. "ಸಿದ್ದಾಪುರದಲ್ಲಿ ವಿಮಾನ ಎಲ್ಲಿ ಹತ್ತೂದು ಮಾರಾಯಾ? ಬಸ್ ಸ್ಟ್ಯಾಂಡ್ ಹಿಂದೆಯಾ?"

"ಅದು ಬೇರೆ ಮಾತು. ದೂರ ಇಲ್ಲ ಅಂತ ಹೇಳಿದೆ, ಅಷ್ಟೆ."

ಎರಡೂ ಊರಲ್ಲಿ ವಿಮಾನ ಇಳಿಯುವುದಿರಲಿ, ರೈಲಿನ ಕೂಗೂ ಕೇಳುವುದಿಲ್ಲ. ಆ ಮೊಬೈಲೋ, ಯಾವ ಎರಡು ಊರಿನ ಹೆಸರು ಕೊಟ್ಟರೂ ಸರಿ, ಹಾರಿಸಿಬಿಡುತ್ತದೆ. ಶಿರಸಿಯಲ್ಲಿ ಲಾರಿ ಬಾಡಿಗೆ ಹೊಂದಿಸಿಕೊಡುವ ಜಹಾಂಗೀರನ ನಾಲಿಗೆಯೂ ಹಾಗೆಯೇ. ಅಕ್ಕನ ದೊಡ್ಡ ಮಗಳು ಯಾಸ್ಮೀನ್‌ಳನ್ನು ರತ್ನಾಗಿರಿಗೆ ಕೊಡುವಾಗಲೂ "ಇಲ್ಲೇ ಪಕ್ಕದಲ್ಲಿ" ಎಂದಿದ್ದ ಪುಣ್ಯಾತ್ಮ ಇವನೇ. ಆ ಪಕ್ಕದಿಂದ ಯಾಸ್ಮೀನ್ ಎರಡು ಈದ್‌ಗೂ ತವರಿಗೆ ಬಂದಿರಲಿಲ್ಲ. ಈಗ ಸಣ್ಣವಳು ಸನಾಳನ್ನೂ ಹಾಗೆ ಕಣ್ಣಿಗೆ ಸಿಗದಂತೆ ಕೊಟ್ಟುಬಿಡಲು ಖುರ್ಷಿದಾಳಿಗೆ ಸುತರಾಂ ಇಷ್ಟವಿರಲಿಲ್ಲ. ಹುಡುಗ ನಿಹಾಲ್ ಸಿದ್ದಾಪುರದಲ್ಲಿ ಬೈಕ್ ರಿಪೇರಿ ಅಂಗಡಿ ಇಟ್ಟವನು, ಮನೆತನವೂ ಒಳ್ಳೆಯದೇ. ಇವತ್ತು ಅವನು ಬಂದಾಗ ಹೂಂ ಅಥವಾ ಉಹೂಂ, ಒಂದು ಹೇಳಬೇಕಿತ್ತು. ಉಹೂಂ ಅನ್ನುವುದೆಂದು ಅವಳು ಬೆಳಿಗ್ಗೆಯೇ ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು.

ಬರಬೇಕಾದ ಹೊತ್ತು ಮೀರಿದ ಮೇಲೆ ನಿಹಾಲ್ ಬಂದ. ಇಸ್ತ್ರಿ ಮಾಡಿದ ಅಂಗಿ ಮುದ್ದೆಯಾಗಿತ್ತು. ಸಲಾಂ ಹೇಳಿ ಕುರ್ಚಿಯ ಅಂಚಿನಲ್ಲಿ ಕೂತ.

"ತಡ ಆಯ್ತಲ್ಲ ಬೇಟಾ. ಬೈಕ್ ಕೈ ಕೊಡ್ತಾ?"

"ಇಲ್ಲ ಖಾಲಾ, ಬಸ್ಸಿಗೆ ಬಂದೆ. ನನಗೆ ಅಂಗಡಿ ಬಿಟ್ಟು ಬರೂಕೆ ಆಗದಿದ್ದಾಗ ಸನಾ ಅವರು ತವರಿಗೆ ಬಸ್ಸಿಗೇ ಬರಬೇಕಲ್ಲ, ಹೇಗಿರ್ತದೆ ನೋಡುವಾ ಅಂತ." ಕುತ್ತಿಗೆಯ ಬೆವರು ಒರೆಸಿಕೊಂಡ. "ಶಿರಸೀಲಿ ಒಂದು ಬಸ್ ತಪ್ಪಿಹೋಯ್ತು. ಆಮೇಲೆ ಸಿಕ್ಕಿದ್ದರಲ್ಲಿ ಸೀಟಿಲ್ಲ, ಕೊನೇ ತನಕ ನಿಂತೇ ಬಂದೆ. ದೂರ ಆಗ್ತದೆ ಖಾಲಾ. ಹತ್ತಿರ ಅಂತ ನಾ ಹೇಳೂದಿಲ್ಲ."

ಜಹಾಂಗೀರ್ ಹಣೆ ಚಚ್ಚಿಕೊಂಡ. ಎಂಥ ಹುಡುಗನಪ್ಪಾ, ತನ್ನ ಸಂಬಂಧ ತಾನೇ ಕೆಡಿಸಿಕೊಳ್ಳುತ್ತಾನಲ್ಲ!

ಮಗಳನ್ನು ಕೇಳಿ ಬಂದವರಲ್ಲಿ ದೂರವನ್ನು ದೂರ ಎಂದವನನ್ನು ಖುರ್ಷಿದಾ ಇವತ್ತೇ ಕಂಡಿದ್ದು. ಸೋಸಿದ ಬೀನ್ಸನ್ನು ಒಳಬಾಗಿಲ ಕಡೆ ಸರಿಸಿದಳು. ಒಳಬಾಗಿಲ ಪರದೆಯ ಸಂದಿಯಲ್ಲಿ ಸನಾ ನಗು ತಡೆಯಲಾಗದೆ ದುಪಟ್ಟಾ ಕಚ್ಚಿ ನಿಂತಿದ್ದಳು.

"ಚಹಾ ಬೇಡ ಸನಾ, ಅನ್ನಕ್ಕಿಡು."

ಸಂಬಂಧ ಕೇಳಿ ಬಂದವರಿಗೆ ಆ ಮನೆಯಲ್ಲಿ ಚಹಾ ಮಾತ್ರ. ಅನ್ನಕ್ಕೆ ಕೂರಿಸಿದರೆ ಒಪ್ಪಿಗೆ ಎಂದೇ ಅರ್ಥ. ಜಹಾಂಗೀರನ ಮುಖ ಊರಗಲವಾಯಿತು. "ನಾ ಮೊದಲೇ ಹೇಳ್ಲಿಲ್ವಾ ಆಪಾ? ಹನ್ನೊಂದೇ ನಿಮಿಷ!"

"ನೀನು ಆ ವಿಮಾನ ಹಿಡಿದು ಮನೆಗೆ ಹೋಗು," ಎಂದಳು ಖುರ್ಷಿದಾ. "ಈ ಹುಡುಗ ನಿಂತು ಬಂದವನು, ಕೂತು ಉಂಡು ಹೋಗ್ತಾನೆ."