ಕನಮಡಿಯವನಿಗೆ ಬೇಲಿ

“ಭೂತನಾಳ ಕೆರೆಯ ಬಗ್ಗೆ ಇಷ್ಟುದ್ದ ಬರೆದವರು ಅಲ್ಲಿ ಕಾರಿನಿಂದ ಕೆಳಗೇ ಇಳಿದಂತಿಲ್ಲ.”

ತಮ್ಮ ಬ್ಲಾಗಿನ ಲೇಖನದ ಕೆಳಗೆ ‘ಕನಮಡಿಯವ’ ಎಂಬ ಹೆಸರಿನಲ್ಲಿ ಬಂದ ಈ ಸಾಲು ಓದಿ ನಿವೃತ್ತ ಪ್ರಾಧ್ಯಾಪಕ ವಿದ್ಯಾಧೀಶರು ಉರಿದುಬಿದ್ದರು. ಕನಮಡಿಯಂಥ ಹಳ್ಳಿಯಲ್ಲಿ ಜೋಳ ಬಿತ್ತುವ ಯಾವನೋ ತಮಗೆ ಬರವಣಿಗೆ ಕಲಿಸುವುದೇ? ಉಳಿದ ಓದುಗರು ಎಷ್ಟು ಸಭ್ಯರು! ಇಟ್ಟಂಗಿಹಾಳದ ಅಭಿಮಾನಿ ‘ಮುತ್ತಿನಂಥ ಮಾತು’ ಎಂದಿದ್ದ. ತಿಕೋಟಾದ ಸಾಹಿತ್ಯಪ್ರೇಮಿ ಕೈಮುಗಿದಿದ್ದ.

ಆ ಕನಮಡಿಯವ ಇನ್ನು ತಮ್ಮ ಕಣ್ಣಿಗೆ ಎಲ್ಲಿಯೂ ಬೀಳಕೂಡದೆಂದು ಅಣ್ಣನ ಮಗಳು ಶರ್ವರಿಗೆ ಅಪ್ಪಣೆಯಾಯಿತು. ಬ್ರೌಸರಿಗೆ ಒಂದು ಎಕ್ಸ್‌ಟೆನ್ಶನ್ ಹಾಕಿದರೆ ಬೇಡದವರ ಮಾತು ಮರೆಯಾಗುತ್ತದೆ ಎಂದಳು ಅವಳು.

“ಇರಲಿ ಬಿಡ್ರಿ. ಒಬ್ರರೆ ಖರೇನ ಓದ್ಯಾರಲ್ಲ,” ಎಂದಳು ಹೆಂಡತಿ ತುಂಗಾಬಾಯಿ, ಮೊಬೈಲಿನಿಂದ ಕಣ್ಣೆತ್ತದೆ.

ಅಡುಗೆಯ ವಿಡಿಯೊ ನೋಡುವವಳಿಗೆ ಸಾಹಿತ್ಯದ ಗೊಡವೆ ಏಕೆಂದು ಅವರು ನಕ್ಕರು.

ಅವರು ಬ್ಲಾಗು ತೆರೆಯುತ್ತಿದ್ದ ಕಂಪ್ಯೂಟರುಗಳು ಮೂರು, ಮೂರು ಊರುಗಳಲ್ಲಿ. ತಿಕೋಟಾದ ಮಗಳ ಮನೆಯಲ್ಲಿದ್ದದ್ದು ಮ್ಯಾಕ್. ಆ್ಯಪ್ ಸ್ಟೋರಿನಿಂದ ಇಳಿಸಿ, ಮತ್ತೆ ಸಫಾರಿಯ ಸೆಟ್ಟಿಂಗ್ಸಿನಲ್ಲಿ ಅನುಮತಿ ಕೊಡಬೇಕಾಯಿತು. ಡಬ್ಬಿಗೂ ಇಷ್ಟು ದೊಡ್ಡಸ್ತಿಕೆಯೇ ಎಂದು ಮೂಗು ಮುರಿದರು. ಬಬಲೇಶ್ವರದಲ್ಲಿ ಅವರೇ ಅಧ್ಯಕ್ಷರಾಗಿದ್ದ ವಾಚನಾಲಯದಲ್ಲಿ ಲಿನಕ್ಸ್. ಅಲ್ಲಿ ಫೈರ್‌ಫಾಕ್ಸಿನ ಆಡ್‌-ಆನ್ ಹುಡುಕಿ ಹಾಕಿದಳು. ಪುಕ್ಕಟೆ ಸಿಕ್ಕಿದ್ದಕ್ಕೆ ಎಂಥ ಯೋಗ್ಯತೆ ಎಂದು ಅದನ್ನೂ ಹಳಿದರು. ಕೊನೆಗೆ ವಿಜಯಪುರದ ಮನೆಯ ಲ್ಯಾಪ್‌ಟಾಪ್, ವಿಂಡೋಸು, ಕ್ರೋಮು. ಕ್ಷಣದಲ್ಲಿ ಮುಗಿಯಿತು. ಇಷ್ಟಕ್ಕೆ ಇಂಜಿನಿಯರಿಂಗ್ ಓದಬೇಕಿತ್ತೇ ಎಂದರು.

ಎಕ್ಸ್‌ಟೆನ್ಶನ್ನಿಗೆ ಮೂರೂ ಕಡೆ ಅವರದೇ ಲಾಗಿನ್. ಇಲ್ಲಿ ತಡೆದರೆ ಎಲ್ಲ ಕಡೆ ತಡೆದಂತೆ.

“ಕಾಕಾ, ಇದು ಹೆಸರ ನೋಡೂದಿಲ್ಲ, ಖಾತೆ ನೋಡ್ತದ. ಒತ್ತಲೇನು?”

“ಒತ್ತು. ಬುಡಸಮೇತ ಹೋಗಲಿ.”

ಒತ್ತಿದಳು. ಕನಮಡಿಯವ ಮಾಯವಾದ. ಅವನ ಹಿಂದೆಯೇ ಇಟ್ಟಂಗಿಹಾಳದ ಅಭಿಮಾನಿ ಹೋದ, ತಿಕೋಟಾದ ಸಾಹಿತ್ಯಪ್ರೇಮಿಯೂ ಹೋದ. ವಿದ್ಯಾಧೀಶರು ಹಳೆಯ ಲೇಖನಗಳನ್ನೆಲ್ಲ ತೆರೆತೆರೆದು ನೋಡಿದರು. ಪ್ರತಿಯೊಂದರ ಕೆಳಗೂ ಬರೀ ಬಯಲು.

ಊರೂರು ಅಲೆಸಿ ಒಂದು ಕೆಲಸ ನೆಟ್ಟಗೆ ಮಾಡಲಿಲ್ಲವೆಂದು ಶರ್ವರಿಯ ಮೇಲೆ ಹರಿಹಾಯ್ದರು. ಕೆಲಸ ನೆಟ್ಟಗೇ ಆಗಿದೆ, ಹೆಸರಷ್ಟೇ ಬೇರೆ ಬೇರೆ, ಖಾತೆ ಎಲ್ಲರದೂ ಒಂದೇ ಎಂದು ಅವಳು ತಲೆ ತಗ್ಗಿಸಿ ಹೇಳಿದಳು.

ತುಂಗಾಬಾಯಿ ಮೊಬೈಲನ್ನು ಮಡಿಲಲ್ಲಿ ಬೋರಲು ಹಾಕಿದಳು.

“ನಾ ಬರೇ ಹೊಗಳಿದ್ರ ನಿಮಗ ಸಂಶೇ ಬರ್ತಿತ್ತರಿ,” ಎಂದಳು.