ಆಗಿಬರಲ್ಲ

ಸೂಜಿ ಚರ್ಮ ಮುಟ್ಟುವ ಮೊದಲೇ ಸೊಸೆ ನರ್ಸಿನ ಮಣಿಕಟ್ಟು ಹಿಡಿದಳು. "ಬೇಡ ಸಿಸ್ಟರ್! ಪೆನಿಸಿಲಿನ್ ನಮ್ಮತ್ತೆಗೆ ಆಗಿಬರಲ್ಲ. ಹೋದ ಸಲ ಉಸಿರೇ ನಿಂತಿತ್ತು."

"ಕೈ ಬಿಡಿ. ಕಂಪ್ಯೂಟರಲ್ಲಿ ಅಲರ್ಜಿ ಇಲ್ಲ ಅಂತಿದೆ. ಅವರೇ ಹೇಳಿದ್ದಾರೆ."

ಬೆಳಿಗ್ಗೆ ಆಸ್ಪತ್ರೆಗೆ ಸೇರುವಾಗ, ಪ್ರಜ್ಞೆ ಇದ್ದಾಗ, ಅತ್ತೆ ಹೇಳಿದ್ದು ನಿಜ. "ಅಲರ್ಜಿ ಗಿಲರ್ಜಿ ಏನಿಲ್ಲಮ್ಮ, ಪೆನಿಸಿಲಿನ್ ಒಂದು ಆಗಿಬರಲ್ಲ" ಅಂದಿದ್ದರು. ಕೌಂಟರಿನವಳು ಮೊದಲರ್ಧ ಕೇಳಿ 'ಇಲ್ಲ' ಒತ್ತಿದ್ದಳು. ಉಳಿದರ್ಧಕ್ಕೆ ಅಲ್ಲಿ ಜಾಗವೇ ಇರಲಿಲ್ಲ.

ಪ್ರಜ್ಞೆಯಿಲ್ಲದೆ ಮಲಗಿದ್ದ ಅತ್ತೆಯನ್ನು ನೋಡಿ ಸೊಸೆಗೆ ಅಳು ಒತ್ತರಿಸಿ ಬಂತು. "ಅವರಿಗೆ ಆಗಿಬರದೇ ಇರೋದು ಎರಡೇ ಸಿಸ್ಟರ್. ಒಂದು ಈ ಸೂಜಿ, ಇನ್ನೊಂದು ನಾನು. ಮದುವೆಯಾದಾಗಿಂದ ಕೇಳ್ತಾ ಇದೀನಿ, ಆ ಮಾತು ನನಗೆ ತಪ್ಪಾಗಿ ಕೇಳಿಸುತ್ತಾ?"

ನರ್ಸ್ ಸೂಜಿಯನ್ನು ಮೆಲ್ಲಗೆ ತಟ್ಟೆಯಲ್ಲಿಟ್ಟಳು. ಇನ್ನೊಂದು ಕೈಯಿಂದ ಪಕ್ಕದ ಕಂಪ್ಯೂಟರ್ ಪರದೆಯ ಮೇಲಿನ 'ಇಲ್ಲ' ಅಳಿಸಿದಳು. ಮಣಿಕಟ್ಟನ್ನು ಸೊಸೆ ಆಗಲೂ ಬಿಟ್ಟಿರಲಿಲ್ಲ.