ಸ್ಪ್ರಿಂಗಿನ ಬೊಟ್ಟು

"ಎರಡು ಸ್ಪ್ರಿಂಗಿಗೂ ಕೆಂಪು ಬೊಟ್ಟೇ ತಾನೇ ಅಪ್ಪಾ?" ಟ್ರಯಲ್ ನೋಡಲು ಹಳೇ ಕಾರಿನ ಸ್ಟೀರಿಂಗ್ ಹಿಡಿದು ಕೂತ ಮಗಳು ಕೇಳಿದಳು. "ಹೂಂ" ಅಂದುಬಿಟ್ಟ ಮೆಕ್ಯಾನಿಕ್. ಅಂದವನು ಮುಂದಿನ ಚಕ್ರಗಳ ಕಡೆ ಮತ್ತೆ ಮತ್ತೆ ನೋಡಿದ.

ಮುಂದಿನ ಎರಡು ಚಕ್ರಕ್ಕೂ ಒಂದೇ ಬಿಗಿಯ ಸ್ಪ್ರಿಂಗ್ ಬೀಳಬೇಕು. ಜೋಡಿ ತಪ್ಪಿದರೆ ತಿರುವಿನಲ್ಲಿ ಗಾಡಿ ಕೈಗೆ ಸಿಗುವುದಿಲ್ಲ. ಗುರುತಿಗೆ ಇರುವುದು ಬಣ್ಣದ ಒಂದು ಬೊಟ್ಟು: ಕೆಂಪಾದರೆ ಗಡಸು, ಹಸಿರಾದರೆ ಮೆದು. ಅವನ ಕಣ್ಣಿಗೆ ಹುಟ್ಟಿದಾಗಿನಿಂದ ಎರಡೂ ಒಂದೇ ಮಣ್ಣಿನ ಬಣ್ಣ. ಇಪ್ಪತ್ತು ವರ್ಷ ಪಕ್ಕದಲ್ಲಿ ನಿಂತು, ಯಾರಿಗೂ ಕೇಳಿಸದ ಹಾಗೆ ಬಣ್ಣ ಹೇಳುತ್ತಿದ್ದವಳು ಹೆಂಡತಿ. ಅವಳು ತಂಗಿಯ ಮನೆಗೆ ಹೋಗಿ ಹತ್ತು ದಿನವಾಗಿತ್ತು.

ಎಂಜಿನ್ ಗುರ್ ಎಂದಿತು. ಅವನು ಅಡ್ಡ ಓಡಿ ಬಾನೆಟ್ ಮೇಲೆ ಎರಡೂ ಕೈ ಊರಿದ. "ಇಳಿ ಮಗಾ. ನೀನೇ ಒಂದ್ಸಲ ನೋಡು. ನಂಗೆ... ನಂಗೆ ಕೆಂಪು ಹಸಿರು ಗೊತ್ತಾಗಲ್ಲ."

"ತಮಾಷೆ ಮಾಡ್ಬೇಡಪ್ಪಾ" ಎಂದು ನಗುತ್ತಲೇ ಇಳಿದವಳು ಟಾರ್ಚ್ ಹಿಡಿದು ಬಲಚಕ್ರದ ಹಿಂದೆ ಇಣುಕಿದಳು, ಆಮೇಲೆ ಎಡಕ್ಕೆ ಬಗ್ಗಿದಳು. ಏಳುವಷ್ಟರಲ್ಲಿ ನಗು ಇಂಗಿತ್ತು. "ಇದು ಹಸಿರು."

"ಸದ್ಯ, ಬಚಾವಾದ್ವಿ" ಎಂದು ಅವನು ಸ್ಟೂಲಿನ ಮೇಲೆ ಕುಸಿದ. ಅವಳು ಮಾತ್ರ ಟಾರ್ಚ್ ಆರಿಸುವುದನ್ನೂ ಮರೆತು ನಿಂತೇ ಇದ್ದಳು.

"ಅಪ್ಪಾ, ಮೊನ್ನೆ ಚಿಕ್ಕಪ್ಪನ ಕಾರಿಗೆ ಸ್ಪ್ರಿಂಗ್ ಹಾಕ್ದಾಗ ಬಣ್ಣ ನೋಡಿದ್ದು ಯಾರು? ಅವರು ಈಗ ಮಕ್ಕಳನ್ನ ಕೂರಿಸ್ಕೊಂಡು ಬೆಟ್ಟ ಇಳೀತಿದಾರೆ."